ಸೋಲಿಗೂ ಒಂದು ಕಾರಣ ಬೇಕು

'ಯುರೋಪಾ ಯೂನಿವರ್ಸಾಲಿಸ್ 5' ಎಂಬ ಕಂಪ್ಯೂಟರ್ ಆಟ 1337ರ ಏಪ್ರಿಲ್ 1ರಂದು ಶುರುವಾಗುತ್ತದೆ. ಯುರೋಪಿನ ಕಡೆಯಿಂದ ನೋಡಿದರೆ ಆ ತಾರೀಖು ಸಹಜವೇ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ ಹೊಸ್ತಿಲಲ್ಲಿದೆ, ಮಹಾಮಾರಿ ಪ್ಲೇಗ್ ಬರಲು ಹತ್ತು ವರ್ಷ ಉಳಿದಿದೆ. ನಮ್ಮ ಕಡೆಯಿಂದ ನೋಡಿದರೆ ಅದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ದೆಹಲಿಯ ಗದ್ದುಗೆಯ ಮೇಲೆ ಮುಹಮ್ಮದ್ ಬಿನ್ ತುಘಲಕ್ ಕೂತಿದ್ದಾನೆ. ಅವನ ಸಾಮ್ರಾಜ್ಯದ ದಕ್ಷಿಣದ ಅಂಚು ಹರಿಯತೊಡಗಿದೆ: 1335ರಲ್ಲಿ ಮಧುರೆ ಕೈತಪ್ಪಿತು, ಮರುವರ್ಷ ವಾರಂಗಲ್. ಹೊಯ್ಸಳರ ಮೂರನೆಯ ವೀರಬಲ್ಲಾಳ ಮುಪ್ಪಿನಲ್ಲೂ ಕತ್ತಿ ಕೆಳಗಿಟ್ಟಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಹರಿಹರ, ಬುಕ್ಕ ಎಂಬ ಸೋದರರು ತಲೆಯೆತ್ತಿದ್ದಾರೆ. ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಲು ಇನ್ನೂ ಹತ್ತು ವರ್ಷ ಬೇಕು.

ಆ ದಿನ ವಿಜಯನಗರ ಎಷ್ಟರಮಟ್ಟಿಗೆ ಒಂದು ರಾಜ್ಯವಾಗಿತ್ತು? ನಾವೆಲ್ಲ ಶಾಲೆಯಲ್ಲಿ ಕಲಿತ ವರ್ಷ 1336. ಆದರೆ ಹರಿಹರ, ಬುಕ್ಕ ಮೊದಲಾದ ಸಂಗಮ ಸೋದರರು ಶೃಂಗೇರಿಯಲ್ಲಿ ವಿಜಯೋತ್ಸವ ಆಚರಿಸಿ ದತ್ತಿ ಬಿಟ್ಟದ್ದನ್ನು ಹೇಳುವ ಶಾಸನದ ವರ್ಷ 1346. ವೀರಬಲ್ಲಾಳ ಮಧುರೆಯ ಸುಲ್ತಾನನ ಕೈಗೆ ಸಿಕ್ಕು ಸತ್ತದ್ದು ಈ ಎರಡರ ನಡುವೆ, 1342ರ ಸುಮಾರಿಗೆ. ಈ ಹತ್ತು ವರ್ಷಗಳ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆಟ ಕಟ್ಟುವವನಿಗೆ ವಾದಿಸುತ್ತ ಕೂರುವ ಅನುಕೂಲವಿಲ್ಲ. ನಕ್ಷೆಯ ಮೇಲೆ ಪ್ರತಿ ಊರಿಗೂ ಒಂದು ಬಣ್ಣ ಬಳಿಯಲೇಬೇಕು. ಈ ಜಾತಿಯ ಆಟಗಳ ಬಗ್ಗೆ ನನಗಿರುವ ಪ್ರೀತಿಯೆಲ್ಲ ಹುಟ್ಟುವುದು ಇಲ್ಲಿ, ಚರಿತ್ರೆಯ ಅನಿಶ್ಚಯವನ್ನು ಒಂದು ನಿರ್ಧಾರವಾಗಿ ಬದಲಿಸಲೇಬೇಕಾದ ಈ ಜಾಗದಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇವನ್ನು ಗ್ರ್ಯಾಂಡ್ ಸ್ಟ್ರಾಟೆಜಿ ಆಟಗಳು ಎನ್ನುತ್ತಾರೆ. ತೆರೆಯ ಮೇಲೆ ಇಡೀ ಭೂಮಿಯ ನಕ್ಷೆ ಇರುತ್ತದೆ, ನೂರಾರು ರಾಜ್ಯಗಳಿರುತ್ತವೆ. ಒಂದನ್ನು ಆರಿಸಿಕೊಂಡು ಶತಮಾನಗಳ ಕಾಲ ನಡೆಸಬೇಕು. ತೆರಿಗೆ, ಮದುವೆ, ಸಂಧಿ, ಯುದ್ಧ, ಧರ್ಮ, ವ್ಯಾಪಾರ ಎಲ್ಲವೂ ಆಡುವವರ ತಲೆಯ ಮೇಲೆ. ಉಳಿದ ರಾಜ್ಯಗಳನ್ನು ಕಂಪ್ಯೂಟರ್ ನಡೆಸುತ್ತದೆ. ಫ್ರಾನ್ಸಿನ ಫಿಲಿಪ್ ತಿಬೋ ರೂಪಿಸಿದ ಒಂದು ಬೋರ್ಡ್ ಆಟದಲ್ಲಿ ಬೇರೂರಿದ ಸರಣಿಯಿದು. ಕಂಪ್ಯೂಟರಿನ ಮೊದಲ ಆವೃತ್ತಿ 2000ದಲ್ಲಿ ಸ್ವೀಡನ್ನಿನಿಂದ ಬಂತು. ಎರಡನೆಯದು 2001, ಮೂರನೆಯದು 2007, ನಾಲ್ಕನೆಯದು 2013. ಐದನೆಯದನ್ನು ಯೋಹಾನ್ ಆಂಡರ್ಸನ್ ನೇತೃತ್ವದಲ್ಲಿ ಸ್ಪೇನಿನ ಪ್ಯಾರಾಡಾಕ್ಸ್ ಟಿಂಟೋ ತಂಡ ಕಟ್ಟಿತು. ಅದು ಹೊರಬಿದ್ದದ್ದು 2025ರ ನವೆಂಬರ್ 4ರಂದು. ನಾಲ್ಕಕ್ಕೂ ಐದಕ್ಕೂ ನಡುವೆ ಹನ್ನೆರಡು ವರ್ಷ. ಅಷ್ಟು ಕಾಲ ಒಂದೇ ಆಟವನ್ನು ಆಡುತ್ತ ಮುಂದಿನದಕ್ಕೆ ಕಾದವರು ಏನು ಬಯಸುತ್ತಿದ್ದರು?

ಕೇಳಿದರೆ ಪಟ್ಟಿ ಕೊಡುತ್ತಾರೆ. ಇನ್ನೂ ದೊಡ್ಡ ನಕ್ಷೆ, ಇನ್ನಷ್ಟು ದೇಶಗಳು, ಚೆನ್ನಾಗಿ ಕಾದಾಡುವ ಎಐ, ಕಡಿಮೆ ಡಿಎಲ್‌ಸಿ (ಹಣ ಕೊಟ್ಟು ಕೊಳ್ಳುವ ವಿಸ್ತರಣೆಗಳು). ಈ ಪಟ್ಟಿಯ ಹಿಂದೆ ಒಂದೇ ಆಸೆ ಇದೆ ಎಂದು ನನ್ನ ನಂಬಿಕೆ. ಆಟದೊಳಗೆ ಏನೇ ನಡೆದರೂ ಅದು ಯಾಕೆ ನಡೆಯಿತು ಎಂಬುದಕ್ಕೆ ಆಟದ ಲೋಕದೊಳಗೇ ಉತ್ತರ ಸಿಗಬೇಕು. ಗೆಲುವಿಗೆ ಮಾತ್ರವಲ್ಲ, ಸೋಲಿಗೂ.

ನಾಲ್ಕನೆಯ ಆವೃತ್ತಿಯಲ್ಲಿ ಆ ಉತ್ತರ ಸಿಗದ ಜಾಗಗಳಿದ್ದವು. ಆಡಳಿತ, ರಾಜತಾಂತ್ರಿಕತೆ, ಸೇನೆ ಎಂಬ ಮೂರು ಬಗೆಯ ಅಂಕಗಳು ದೊರೆಯ ಸಾಮರ್ಥ್ಯಕ್ಕೆ ತಕ್ಕಂತೆ ತಿಂಗಳು ತಿಂಗಳೂ ಬಂದು ಸೇರುತ್ತಿದ್ದವು. ಆಟಗಾರರು ಇದಕ್ಕೆ ಇಟ್ಟ ಹೆಸರು 'ಮಾನಾ', ಮಾಂತ್ರಿಕ ಕಥೆಗಳಲ್ಲಿ ಬರುವ ಮಂತ್ರಶಕ್ತಿಯ ಹೆಸರು. ಹೊಸದಾಗಿ ಗೆದ್ದ ನಾಡನ್ನು ತನ್ನದಾಗಿಸಿಕೊಳ್ಳಲು ಇಂತಿಷ್ಟು ಅಂಕ, ಊರನ್ನು ಬೆಳೆಸಲು ಇಂತಿಷ್ಟು ಅಂಕ. ಗುಂಡಿ ಒತ್ತಿದ ಕ್ಷಣವೇ ಊರು ಬೆಳೆಯುತ್ತದೆ. ಬೆಳೆದವರು ಯಾರು, ಎಲ್ಲಿಂದ ಬಂದರು, ಏನು ತಿಂದರು ಎಂದು ಕೇಳುವಂತಿಲ್ಲ, ಏಕೆಂದರೆ ಆ ಊರಿನಲ್ಲಿ ಜನರೇ ಇಲ್ಲ, ಇರುವುದು ಒಂದು ಸಂಖ್ಯೆ.

ಇದು ಎಲ್ಲಿಯವರೆಗೆ ಹೋಗುತ್ತಿತ್ತು ಎಂದರೆ, ಭಾರತದ ರಾಜ್ಯವನ್ನು ಆಡುವವರು ಅಂಕಗಳನ್ನೆಲ್ಲ ಕೂಡಿಟ್ಟು ಒಂದೇ ಊರಿಗೆ ಸುರಿದು ಅಲ್ಲಿ ಯುರೋಪಿನ 'ಪುನರುಜ್ಜೀವನ'ವನ್ನು ಹುಟ್ಟಿಸುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ತಂತ್ರ. ಹಂಪಿಯಲ್ಲಿ ಗುಂಡಿ ಒತ್ತುತ್ತ ಕೂತರೆ ಫ್ಲಾರೆನ್ಸ್ ನಗರದ ವಿದ್ಯೆ ವಿರೂಪಾಕ್ಷ ಬೀದಿಗೆ ಬರುತ್ತಿತ್ತು. ಅದಕ್ಕೂ ಮುಂಚಿನ ಏರ್ಪಾಡು ಇನ್ನೂ ಕೆಟ್ಟದಾಗಿತ್ತು. 2016ರ ಅಕ್ಟೋಬರ್‌ವರೆಗೂ ಲೋಕದ ರಾಜ್ಯಗಳನ್ನು ತಂತ್ರಜ್ಞಾನದ ಗುಂಪುಗಳಾಗಿ ವಿಂಗಡಿಸಿದ್ದರು. ಭಾರತೀಯ ಗುಂಪಿನಲ್ಲಿ ಹುಟ್ಟಿದ ತಪ್ಪಿಗೆ ಪ್ರತಿ ವಿದ್ಯೆಗೂ ಹೆಚ್ಚು ಬೆಲೆ ತೆರಬೇಕು, ಅದರಿಂದ ಪಾರಾಗಲು ಪಾಶ್ಚಾತ್ಯೀಕರಣವೊಂದೇ ದಾರಿ. ಯುರೋಪ್ ಮುಂದಾದದ್ದು ಹೇಗೆ ಎಂಬುದು ಆ ಶತಮಾನಗಳ ಅತಿ ದೊಡ್ಡ ಪ್ರಶ್ನೆ. ಉತ್ತರವನ್ನು ಆಟದ ಮೊದಲ ದಿನವೇ ಲೆಕ್ಕದಲ್ಲಿ ಬರೆದಿಟ್ಟರೆ ಆಡಲು ಉಳಿಯುವುದೇನು?

ದಖ್ಖನ್ನಿನ ಚರಿತ್ರೆಯೇ ಬೇರೆ ದಾರಿ ತೋರಿಸುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾಂವ್ ದ ಫಿಗೆರೆದು ಎಂಬ ಪೋರ್ಚುಗೀಸನ ಜೊತೆಗಿದ್ದ ಬಂದೂಕುಗಾರರು ಗೋಡೆಯ ಮೇಲಿದ್ದ ಕಾವಲಿನವರನ್ನು ಹೊಡೆದುರುಳಿಸಿದರು. ಇಂದಿಗೂ ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡದ್ದು. ಅದನ್ನು ಎರಕ ಹೊಯ್ದವನ ಹೆಸರಿನಲ್ಲೇ 'ರೂಮಿ' ಇದೆ, ಎಂದರೆ ತುರ್ಕರ ಸೀಮೆಯವನು. ವಿದ್ಯೆ ಹೀಗೆ ಮನುಷ್ಯರ ಜೊತೆ ಹಡಗು ಹತ್ತಿ ಬರುತ್ತದೆ. ಸಂಬಳ ಕೊಡುವ ದೊರೆ ಇದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಪಕ್ಕದ ಸುಲ್ತಾನನ ಆಸ್ಥಾನಕ್ಕೆ ಹೋಗುತ್ತದೆ. ಇಂಥ ಒಬ್ಬ ಕುಶಲಿಯನ್ನು ಕರೆಸಿಕೊಳ್ಳಲು ಪೋರ್ಚುಗೀಸರ ಗೋವೆಯ ಜೊತೆ ಹಗೆ ಕಟ್ಟಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ಅವಕಾಶ ಕೊಟ್ಟರೆ ಆಟಗಾರ ಆ ಶತಮಾನವನ್ನು ಒಳಗಿನಿಂದ ಅರಿಯುತ್ತಾನೆ.

ಐದನೆಯ ಆವೃತ್ತಿ ಮಾನಾವನ್ನು ಕೈಬಿಟ್ಟಿತು. ಅದರ ಜಾಗದಲ್ಲಿ ಜನರನ್ನು ತಂದಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ರೈತರು, ವರ್ತಕರು, ಪುರೋಹಿತರು, ಶ್ರೀಮಂತ ಮನೆತನದವರು ತಮ್ಮ ತಮ್ಮ ಭಾಷೆ, ಧರ್ಮಗಳ ಸಮೇತ ಇದ್ದಾರೆ. ಪ್ಲೇಗ್ ಬಂದರೆ ಅವರು ಸಾಯುತ್ತಾರೆ. ದಂಡಿಗೆ ಕರೆದರೆ ಹೊಲದಿಂದ ಕಡಿಮೆಯಾಗುತ್ತಾರೆ. ಇದು ನನ್ನ ಮಟ್ಟಿಗೆ ಈ ಸರಣಿ ಇಟ್ಟ ಅತಿ ದೊಡ್ಡ ಹೆಜ್ಜೆ. ಇನ್ನೊಂದು ಬದಲಾವಣೆಗೆ ಆಟದಲ್ಲಿ 'ಕಂಟ್ರೋಲ್' ಎಂದು ಹೆಸರು. ರಾಜಧಾನಿಯಿಂದ ದೂರ ಹೋದಷ್ಟೂ ದೊರೆಯ ಹಿಡಿತ ಸಡಿಲ. ರಸ್ತೆ, ನದಿ, ಕಡಲು ಇದ್ದಲ್ಲಿ ಹಿಡಿತ ದೂರಕ್ಕೆ ಚಾಚುತ್ತದೆ, ಬೆಟ್ಟಗಾಡು ಅಡ್ಡ ಬಂದರೆ ತುಂಡಾಗುತ್ತದೆ. ನಕ್ಷೆಯ ಮೇಲೆ ಬಣ್ಣ ನಿಮ್ಮದೇ ಇರಬಹುದು, ಬೊಕ್ಕಸಕ್ಕೆ ಬರುವುದು ಅತ್ಯಲ್ಪ.

ವಿಜಯನಗರವನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ಸಾಮ್ರಾಜ್ಯ ನಡೆದದ್ದೇ ನಾಯಕರ ಮೇಲೆ. ದೊರೆ ಸೀಮೆಯನ್ನು ವಹಿಸಿಕೊಡುತ್ತಾನೆ. ನಾಯಕ ಇಂತಿಷ್ಟು ಕಾಲಾಳು, ಕುದುರೆ ಸಾಕಿ, ಇಂತಿಷ್ಟು ಹಣ ಒಪ್ಪಿಸುತ್ತಾನೆ. ಕೇಂದ್ರ ಗಟ್ಟಿಯಿದ್ದಾಗ ಇದು ಬಲ, ಕುಸಿದಾಗ ಇದೇ ಬಿರುಕು. 1565ರಲ್ಲಿ ತಾಳಿಕೋಟೆಯ ಕದನದ ಮೇಲೆ ರಾಜಧಾನಿ ಹಾಳಾಯಿತು, ಅರಸು ಮನೆತನ ಪೆನುಕೊಂಡೆಗೆ ಸರಿಯಿತು. ಸಾಮ್ರಾಜ್ಯ ಆ ದಿನವೇ ಮಾಯವಾಗಲಿಲ್ಲ. ಮಧುರೆ, ತಂಜಾವೂರು, ಜಿಂಜಿ, ಕೆಳದಿಯ ನಾಯಕರು ತಮ್ಮ ತಮ್ಮ ಸೀಮೆಗಳಲ್ಲಿ ಬೆಳೆದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು.

ಹಳೆಯ ಆಟದಲ್ಲಿ ಇಂಥ ನಿಧಾನದ ಸಡಿಲಿಕೆಗೆ ಜಾಗವಿರಲಿಲ್ಲ. ಅಲ್ಲಿ ದೊಡ್ಡ ರಾಜ್ಯ ಇನ್ನೂ ದೊಡ್ಡದಾಗುತ್ತ ಹೋಗುತ್ತಿತ್ತು. ಆಟಗಾರರು ಅದನ್ನು 'ಬ್ಲಾಬ್' ಎಂದು ಕರೆದರು. ಒಮ್ಮೆ ಅಕ್ಕಪಕ್ಕದವರನ್ನೆಲ್ಲ ನುಂಗಿದ ಮೇಲೆ ಎದುರಿಗೆ ನಿಲ್ಲುವವರಿಲ್ಲ. ಆಟದ ಕೊನೆಯ ವರ್ಷ 1821. ನನಗೆ ಗೊತ್ತಿರುವ ಆಟಗಾರರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹದಿನೇಳನೆಯ ಶತಮಾನ ಬರುವ ಹೊತ್ತಿಗೆ ಮುಗಿಸಿ ಹೊಸ ದೇಶ ಹಿಡಿಯುತ್ತಾರೆ. ಬೇಸರ ಹುಟ್ಟಿಸುವುದು ಗೆಲುವಿನ ಸುಲಭತೆ. ಸಾಮ್ರಾಜ್ಯವೊಂದು ತನ್ನ ಗಾತ್ರದಿಂದಲೇ ದಣಿಯುವುದನ್ನು, ನಂಬಿದ ನಾಯಕನೇ ಕಪ್ಪ ನಿಲ್ಲಿಸುವುದನ್ನು, ಉತ್ತರಾಧಿಕಾರದ ಜಗಳದಲ್ಲಿ ಆಸ್ಥಾನ ಒಡೆಯುವುದನ್ನು ಆಡಬೇಕೆಂದು ಅವರು ಕೇಳುತ್ತಾರೆ. ಒಡೆದ ಮೇಲೆ ಕೆಳದಿಯಂಥ ಪುಟ್ಟ ಪಾಲನ್ನು ಹಿಡಿದು ಮುಂದುವರಿಸಲು ಬಿಟ್ಟರೆ ಇನ್ನೂ ಒಳ್ಳೆಯದು. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಜಮೀನಿನ ಫಲ ನೋಡಿ ಕಂದಾಯ ಗೊತ್ತುಪಡಿಸಿದ 'ಶಿಸ್ತು' ಇಂದಿಗೂ ಮಲೆನಾಡಿನ ನೆನಪಿನಲ್ಲಿದೆ. ಒಂದು ಸಣ್ಣ ರಾಜ್ಯ ಯುದ್ಧವಿಲ್ಲದೆ ಬಲಗೊಳ್ಳುವ ದಾರಿ ಅದು. ಹೀಗೆ ಬಲಗೊಳ್ಳುವುದನ್ನು ರೋಚಕವಾಗಿಸಬಲ್ಲ ಆಟಕ್ಕೆ ನಾನು ಎಷ್ಟು ರಾತ್ರಿಗಳನ್ನಾದರೂ ಕೊಡುತ್ತೇನೆ.

ವ್ಯಾಪಾರದ ವಿಷಯದಲ್ಲಿ ಆಟಗಾರರ ಸಿಟ್ಟು ಇನ್ನೂ ನ್ಯಾಯವಾದದ್ದು. ನಾಲ್ಕನೆಯ ಆವೃತ್ತಿಯಲ್ಲಿ ಲೋಕದ ವ್ಯಾಪಾರದ ಹರಿವಿಗೆ ದಿಕ್ಕು ಮೊದಲೇ ನಿಗದಿ. ಅದೆಲ್ಲ ಕೊನೆಗೆ ಸೇರುವುದು ವೆನಿಸ್, ಜಿನೋವಾ ಅಥವಾ ಇಂಗ್ಲಿಷ್ ಕಾಲುವೆಗೆ. ಗುಜರಾತೋ ವಿಜಯನಗರವೋ ಎಷ್ಟೇ ಬೆಳೆಯಲಿ, ಹರಿವನ್ನು ತಿರುಗಿಸುವಂತಿಲ್ಲ. ನಿಜದಲ್ಲಿ ಆ ಶತಮಾನಗಳಲ್ಲಿ ಮೆಣಸು, ಬಟ್ಟೆ ಪಡುವಣಕ್ಕೆ ಹೋದರೆ, ಬೆಳ್ಳಿ ಮೂಡಣಕ್ಕೆ ಬಂತು. ಅಮೆರಿಕದ ಗಣಿಗಳ ಬೆಳ್ಳಿ ಯುರೋಪಿನವರ ಕೈ ದಾಟಿ ಭಾರತ, ಚೀನಾಗಳಲ್ಲಿ ತಂಗಿತು.

ಒಳಗೆ ಬರುತ್ತಿದ್ದ ಸರಕಿನಲ್ಲಿ ವಿಜಯನಗರಕ್ಕೆ ಪ್ರಾಣವಾಗಿದ್ದದ್ದು ಕುದುರೆ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದಿಲ್ಲ. ಅರಬ್ಬೀ ಸೀಮೆಯಿಂದ, ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ನೂನಿಜ್ ಸಾಳುವ ನರಸಿಂಹನ ಬಗ್ಗೆ ಬರೆಯುವುದನ್ನು ನೋಡಿ: ದಾರಿಯಲ್ಲಿ, ಕಡಲಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಆ ದೊರೆ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವಿಜಯನಗರದ ದೊರೆ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದೂ ನೂನಿಜನೇ ಹೇಳುತ್ತಾನೆ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದು, ಹೊರ್ಮುಜ್ ಮೇಲೂ ಕೈಯಿಟ್ಟ ಮೇಲೆ ಕುದುರೆಯ ಬಾಗಿಲ ಕೀಲಿ ಅವರ ಬಳಿ ಸೇರಿತು. 1547ರ ಒಪ್ಪಂದದಲ್ಲಿ ವಿಜಯನಗರ ಗೋವೆಯ ಕುದುರೆಗಳೆಲ್ಲ ತನಗೇ ಬರಬೇಕೆಂದು ಬರೆಸಿಕೊಂಡಿತು, ಬಿಜಾಪುರಕ್ಕೆ ಸಿಗಬಾರದೆಂದು.

ಸತ್ತ ಕುದುರೆಗೂ ಬೆಲೆ ಕೊಡುವುದು ಹುಚ್ಚುತನದಂತೆ ಕಾಣುತ್ತದೆ. ಆಟ ಅದರ ಹಿಂದಿನ ಲೆಕ್ಕವನ್ನು ನಮ್ಮ ಕೈಗಿಡಬಲ್ಲದು. ವರ್ತಕನ ನಷ್ಟವನ್ನು ದೊರೆ ಹೊತ್ತರೆ ವರ್ತಕ ಮುಂದಿನ ವರ್ಷವೂ ಆ ದೊರೆಯ ಬಂದರಿಗೇ ಬರುತ್ತಾನೆ, ವೈರಿಯ ಬಂದರಿಗೆ ಹೋಗುವುದಿಲ್ಲ. ಹೊಸ ಆವೃತ್ತಿಯಲ್ಲಿ ದಿಕ್ಕು ನಿಗದಿಯಾದ ಹರಿವು ಹೋಗಿ ಮಾರುಕಟ್ಟೆಗಳು ಬಂದಿವೆ. ಕುದುರೆಯೂ ಒಂದು ಸರಕಾಗಿದೆ. ಅದಿಲ್ಲದೆ ಅಶ್ವದಳ ಕಟ್ಟುವುದು ಕಷ್ಟ. ಭಟ್ಕಳ ಬಂದರಿನ ಮೇಲೆ ಹಿಡಿತ ಯಾಕೆ ಬೇಕು ಎಂದು ಇನ್ನು ಯಾರೂ ಪಠ್ಯ ಓದಿ ತಿಳಿಯಬೇಕಿಲ್ಲ.

ಚರಿತ್ರೆ ನಡೆದಂತೆಯೇ ನಡೆಯಬೇಕೋ, ಆಟಗಾರ ಬರೆದಂತೆ ನಡೆಯಬೇಕೋ ಎಂಬ ಜಗಳ ಸರಣಿಯಷ್ಟೇ ಹಳೆಯದು. ಎರಡನೆಯ ಆವೃತ್ತಿಯಲ್ಲಿ ಘಟನೆಗಳು ತಾರೀಖು ಹಿಡಿದು ಬರುತ್ತಿದ್ದವು, ದೊರೆಗಳು ನಿಜವಾದ ಹೆಸರಿನಲ್ಲಿ ಪಟ್ಟವೇರುತ್ತಿದ್ದರು. ಮೂರನೆಯದು ಅದನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಕೆಲವರಿಗೆ ಸ್ವಾತಂತ್ರ್ಯ ಸಿಕ್ಕಿತು, ಕೆಲವರಿಗೆ ಎಲ್ಲ ದೇಶಗಳೂ ಒಂದೇ ರುಚಿಯಾಗಿ ಕಂಡವು. ನಾಲ್ಕನೆಯದು 'ಮಿಷನ್ ಟ್ರೀ' ಎಂಬ ಗುರಿಗಳ ಏಣಿ ಹಾಕಿಕೊಟ್ಟಿತು. ಭಾರತದ ರಾಜ್ಯಗಳಿಗೆ 2018ರ 'ಧರ್ಮ' ಎಂಬ ವಿಸ್ತರಣೆಯಲ್ಲಿ ಅವು ಸಿಕ್ಕವು. ಏಣಿ ಹತ್ತಿದರೆ ಬಹುಮಾನ. ನನಗೆ ಇದು ಇಷ್ಟವಾಗಲಿಲ್ಲ. ಇಂಥ ಊರು ಗೆದ್ದರೆ ಇಂಥ ವರ ಎಂದು ಬರೆದಿಟ್ಟಲ್ಲಿ ದೊರೆಗೆ ಆ ಊರು ಬೇಕಾದದ್ದು ಯಾಕೆಂಬುದು ಮರೆತುಹೋಗುತ್ತದೆ. ರಾಯಚೂರು ದೋಆಬಿಗಾಗಿ ವಿಜಯನಗರವೂ ಬಹಮನಿಯೂ ತಲೆಮಾರುಗಳ ಕಾಲ ಕಾದಾಡಿದ್ದು ಕೃಷ್ಣಾ, ತುಂಗಭದ್ರಾ ನಡುವಿನ ಫಲವತ್ತಾದ ನೆಲಕ್ಕಾಗಿ, ಮುದಗಲ್ಲು, ರಾಯಚೂರಿನ ಕೋಟೆಗಳಿಗಾಗಿ. ನೆಲದ ಫಲವನ್ನೂ ಕೋಟೆಯ ಬೆಲೆಯನ್ನೂ ಸರಿಯಾಗಿ ಕಟ್ಟಿದರೆ ಎರಡು ರಾಜ್ಯಗಳು ತಾವಾಗಿಯೇ ಅಲ್ಲಿ ಬಂದು ಡಿಕ್ಕಿ ಹೊಡೆಯುತ್ತವೆ. ಯಾವ ಏಣಿಯೂ ಬೇಡ.

ಉತ್ತರಭಾಗ ಮಾಡುವವರ ಕಷ್ಟವೂ ಸಣ್ಣದಲ್ಲ. ಹೊಸ ಆಟವನ್ನು ಜನ ಹಳೆಯ ಆಟದ ಮೊದಲ ದಿನದ ಜೊತೆ ಹೋಲಿಸುವುದಿಲ್ಲ. ಹನ್ನೊಂದು ವರ್ಷ ವಿಸ್ತರಣೆಗಳನ್ನು ಸೇರಿಸಿಕೊಂಡು ತುಂಬಿನಿಂತ ಆಟದ ಜೊತೆ ಹೋಲಿಸುತ್ತಾರೆ. ಇದೇ ಪ್ಯಾರಾಡಾಕ್ಸ್ ಕಂಪನಿಯಿಂದ 2020ರಲ್ಲಿ ಬಂದ 'ಕ್ರುಸೇಡರ್ ಕಿಂಗ್ಸ್ 3' ಕಲಿಯಲು ಸುಲಭವಾಗಿತ್ತು, ನೋಡಲು ಚೆಂದವಿತ್ತು. ಆದರೂ ಹಿಂದಿನ ಆವೃತ್ತಿಯಲ್ಲಿ ವರ್ತಕರ ಗಣರಾಜ್ಯ ಆಡುತ್ತಿದ್ದವರಿಗೆ ಮನೆ ಬದಲಿಸುವಾಗ ಸಾಮಾನು ಹಿಂದೆಯೇ ಉಳಿದಂತಾಯಿತು. 'ವಿಕ್ಟೋರಿಯಾ 2' ಬಂದದ್ದು 2010ರಲ್ಲಿ. ಮೂರನೆಯದಕ್ಕೆ ಜನ 2022ರ ಅಕ್ಟೋಬರ್‌ವರೆಗೆ ಕಾದರು. ಬಂದ ಆಟದ ಅರ್ಥವ್ಯವಸ್ಥೆ ಅದ್ಭುತವಾಗಿತ್ತು, ಆದರೆ ಸೇನೆಯನ್ನು ಕೈಯಾರೆ ನಡೆಸುವುದನ್ನು ತೆಗೆದು ರಣರೇಖೆಗಳನ್ನು ಇಟ್ಟಿದ್ದರು. ಬಹಳ ಮಂದಿ ಮುನಿದರು. 2019ರ 'ಇಂಪರೇಟರ್: ರೋಮ್' ಮಾನಾವನ್ನು ಹೊತ್ತುಕೊಂಡೇ ಬಂದು ಸೋತಿತು, 2021ರಲ್ಲಿ ಅದನ್ನು ಬಹುಪಾಲು ಹೊಸದಾಗಿ ಕಟ್ಟಿದರೂ ಹೋದ ಆಟಗಾರರು ಮರಳಲಿಲ್ಲ, ಅದೇ ವರ್ಷ ಕೆಲಸ ನಿಂತಿತು. ಐದನೆಯ ಯುರೋಪಾದಲ್ಲಿ ಮಾನಾ ಕಾಣದಿರುವುದಕ್ಕೆ ಆ ಸೋಲಿನ ಪಾಠವೂ ಒಂದು ಕಾರಣವಿರಬೇಕೆಂದು ನಾನು ಊಹಿಸುತ್ತೇನೆ.

ಅದಕ್ಕೇ ಟಿಂಟೋ ತಂಡ 2024ರ ಫೆಬ್ರವರಿಯಿಂದ, ಆಟದ ಹೆಸರನ್ನೂ ಹೇಳದೆ, 'ಟಿಂಟೋ ಟಾಕ್ಸ್' ಎಂಬ ವಾರದ ಬರಹದಲ್ಲಿ ಕಟ್ಟುತ್ತಿರುವುದನ್ನೆಲ್ಲ ತೋರಿಸುತ್ತ ಬಂದದ್ದು ಸರಿಯಾದ ದಾರಿ. ನಕ್ಷೆಗಳನ್ನು ಒಂದೊಂದೇ ಸೀಮೆಯಂತೆ ಮುಂದಿಟ್ಟು ತಿದ್ದುಪಡಿ ಕೇಳಿದರು. ಊರಿನ ಹೆಸರು, ಆಡುವ ಭಾಷೆ, ಬೆಳೆಯುವ ಬೆಳೆ ಎಲ್ಲದರ ಮೇಲೂ ಆಯಾ ನಾಡಿನವರು ಮಾತಾಡಿದರು. ಬಿಡುಗಡೆಯಾದ ಮೇಲೆ ದೂರುಗಳಿಲ್ಲದೆ ಇಲ್ಲ. ಆಟ ವಿಪರೀತ ದೊಡ್ಡದು, ಹೊಸಬರಿಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯದು. ಬೇಡವಾದ ಕೆಲಸಗಳನ್ನು ಕಂಪ್ಯೂಟರಿಗೇ ವಹಿಸಬಹುದು ಎನ್ನುವುದು ಸಮಾಧಾನ. ಆದರೆ ಅದು ಅರೆ ಉತ್ತರ. ಕಾರಣಗಳು ಲೆಕ್ಕದಲ್ಲಿದ್ದರೆ ಸಾಲದು, ಕಣ್ಣಿಗೂ ಕಾಣಬೇಕು. ಈ ವರ್ಷ ಕಂದಾಯ ಯಾಕೆ ಬಿತ್ತು ಎಂದು ಎರಡು ಗಳಿಗೆಯಲ್ಲಿ ಹುಡುಕಿ ತೆಗೆಯುವಂತಿರಬೇಕು. ಇಲ್ಲದಿದ್ದರೆ ಅಷ್ಟು ಜನರನ್ನು ಊರೂರಿಗೆ ತುಂಬಿದ್ದು ಯಾರಿಗೂ ತಲುಪುವುದಿಲ್ಲ.

ವಿಸ್ತರಣೆಗಳು ಹೇಗೂ ಬರುತ್ತವೆ, ಅದು ಈ ಕಂಪನಿಯ ಪದ್ಧತಿ. ಹಿಂದೆ ನಾಲ್ಕನೆಯ ಆವೃತ್ತಿಯಲ್ಲಿ ಊರನ್ನು ಬೆಳೆಸುವಂಥ ಮೂಲ ಸೌಲಭ್ಯವನ್ನೇ 2015ರಲ್ಲಿ ಹಣ ಕೊಟ್ಟು ಕೊಳ್ಳುವ ವಿಸ್ತರಣೆಯಲ್ಲಿ ಇಟ್ಟಿದ್ದು ತಪ್ಪು. ಆಟದ ಅಡಿಪಾಯ ಎಲ್ಲರಿಗೂ ಸಿಗಬೇಕು. ಒಂದು ಸೀಮೆಯ ಆಳವಾದ ವಿವರಕ್ಕೆ ಬೇಕಾದರೆ ಹಣ ಕೇಳಲಿ, ಕೊಡೋಣ.

ದಖ್ಖನ್ನಿಗೆ ಅಂಥ ವಿಸ್ತರಣೆಯೊಂದು ಬರುವುದಾದರೆ ಸಾಮಗ್ರಿಗೆ ಬರವಿಲ್ಲ. ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳಿವೆ. ಯಾವ ಊರಿಗೆ ಯಾವ ಸುಂಕ, ಯಾರಿಗೆ ಉಂಬಳಿ, ಯಾವ ಸಂತೆಗೆ ಯಾವ ವರ್ತಕರು, ಎಲ್ಲ ಅಲ್ಲಿದೆ. ಕೆರೆಗಳಿವೆ. ಬುಕ್ಕರಾಯನ ಮಗ ಭಾಸ್ಕರ ಕಡಪದ ಕಡೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ, ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದವು ಎಂದು ಲೆಕ್ಕ ಕೊಡುತ್ತದೆ. ಕೆರೆಗೆ ಎಂಥ ನೆಲ ಆರಿಸಬೇಕು, ಏರಿ ಹೇಗಿರಬೇಕು, ಯಾವ ದೋಷಗಳಿಂದ ಕೆರೆ ಕೆಡುತ್ತದೆ ಎಂದೂ ಹೇಳುತ್ತದೆ. ಆಟ ಕಟ್ಟುವವರಿಗೆ ಇದಕ್ಕಿಂತ ಸಿದ್ಧವಾದ ನಿಯಮಾವಳಿ ಎಲ್ಲಿ ಸಿಕ್ಕೀತು? ಯುದ್ಧಕ್ಕೆ ಆಳು ಬೇಕಾದ ವರ್ಷವೇ ಕೆರೆಯ ಏರಿಗೂ ಸಾವಿರ ಆಳು ಬೇಕು, ದಂಡು ಹೊರಟರೆ ಏರಿಯ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಮೂರು ಮಳೆಗಾಲದ ನಂತರ ಆ ಸೀಮೆಯ ನಾಯಕ ಕಪ್ಪ ಕಳಿಸಲಾರೆ ಎನ್ನುತ್ತಾನೆ. ವಿಜಯನಗರವನ್ನು ಆಡುವವರ ಮುಂದೆ ಈ ಆಯ್ಕೆಯನ್ನು ಇಡಿ. ಆಮೇಲೆ ರಾಜ್ಯ ಉಳಿಯಲಿ, ಬೀಳಲಿ, ಅದು ಯಾಕೆ ಹಾಗಾಯಿತೆಂದು ಆಡಿದವರು ತಾವೇ ಹೇಳುತ್ತಾರೆ.